ಬೆರಳ ಲೆಕ್ಕ

ಐದೂ ಮೂರೂ ಕೂಡಿದರೆ ಎಂಟೆಂಬುದು ದೊಡ್ಡವರಿಗೆ ಲೆಕ್ಕವೇ ಅಲ್ಲ. ಅದು ತಮಗೆ ಹೇಗೆ ಬಂದಿತೆಂಬುದನ್ನು ಅವರು ಎಂದೋ ಮರೆತಿರುವರು. ಮರೆತವರೇ ಕಲಿಸಲು ಕುಳಿತುಕೊಳ್ಳುವುದರಿಂದ ಅನೇಕ ಮನೆಗಳಲ್ಲಿ ಸಂಜೆಯ ಪಾಠವು ಕಣ್ಣೀರಿನಲ್ಲಿ ಮುಗಿಯುವುದುಂಟು. ಆರು ವರ್ಷದ ಮಗು ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಮಡಿಚಿದೊಡನೆ, "ಬೆರಳು ಬಿಡು, ಮನಸ್ಸಿನಲ್ಲಿ ಮಾಡು" ಎಂಬ ಗದರಿಕೆ ಕೇಳಿಬರುವುದು. ಮಗು ಬೆರಳನ್ನು ಬಿಡುವುದಿಲ್ಲ. ಬೆನ್ನ ಹಿಂದಕ್ಕೆ ಒಯ್ಯುವುದು. ಅಲ್ಲಿಯೂ ಸಿಕ್ಕಿಬಿದ್ದರೆ ನಾಲಗೆಯನ್ನು ಹಲ್ಲಿಗೆ ತಾಗಿಸಿ ಎಣಿಸುವುದು. ಅದೂ ಸಾಗದಿದ್ದರೆ ತಂದೆಯ ಮುಖವನ್ನೇ ನೋಡುತ್ತ, "ಏಳು... ಅಲ್ಲ, ಒಂಬತ್ತು" ಎಂದು ಊಹಿಸತೊಡಗುವುದು. ಕೇಡಿರುವುದು ಈ ಕೊನೆಯ ಮೆಟ್ಟಲಿನಲ್ಲಿ. ಬೆರಳು ಮಡಿಚುವ ಮಗು ಲೆಕ್ಕವನ್ನು ಮಾಡುತ್ತಿದೆ. ಮುಖವನ್ನು ನೋಡುವ ಮಗು ಲೆಕ್ಕವನ್ನು ಬಿಟ್ಟಿದೆ.

ಹಾಗೆ ಗದರಿಸುವ ತಂದೆಯೇ ತನ್ನ ಉಳಿದ ರಜೆಯ ದಿನಗಳನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸಿಕೊಳ್ಳುವನು. ಅಜ್ಜಿಯಂತೂ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಓಡಿಸಿ, ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸಿ, ಏಕಾದಶಿ ಎಂದು ಬರುವುದೆಂಬುದನ್ನು ಪಂಚಾಂಗವಿಲ್ಲದೆ ಹೇಳಬಲ್ಲಳು. ಆಕೆಯನ್ನು ಯಾರೂ ಗದರಿಸುವುದಿಲ್ಲ.

ಸಂಖ್ಯೆಯೆಂಬ ಭಾವನೆಯೇ ಎಳೆಯ ಮಗುವಿನಲ್ಲಿ ಇನ್ನೂ ನೆಲೆ ನಿಂತಿರುವುದಿಲ್ಲ. ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆಯೂ ಅವನ ಸಹೋದ್ಯೋಗಿ ಅಲೀನಾ ಷೆಮಿನ್ಸ್ಕಾ ಎಂಬಾಕೆಯೂ ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿರುವರು. ಪರೀಕ್ಷೆಗೆ ಹುಣಿಸೆಬೀಜಗಳಿದ್ದರೆ ಸಾಕು. ಏಳೇಳು ಬೀಜಗಳ ಎರಡು ಸಾಲುಗಳನ್ನು ಎದುರೆದುರಾಗಿಟ್ಟು ಕೇಳಿದರೆ, ನಾಲ್ಕೈದು ವರ್ಷದ ಮಗು ಎರಡೂ ಸಮವೆನ್ನುವುದು. ಅದರ ಕಣ್ಣೆದುರಿನಲ್ಲೇ ಒಂದು ಸಾಲಿನ ಬೀಜಗಳನ್ನು ದೂರದೂರಕ್ಕೆ ಸರಿಸಿದರೆ, ಉದ್ದವಾದ ಸಾಲಿನಲ್ಲಿ ಹೆಚ್ಚು ಬೀಜಗಳಿವೆಯೆಂದು ಬಹುಮಟ್ಟಿಗೆ ಹೇಳಿಬಿಡುವುದು. ಅಂಥ ಮಗುವಿಗೆ ಕೂಡುವ ಚಿಹ್ನೆಯನ್ನು ಬರೆದು ತೋರಿಸುವುದು ಅಕಾಲದ ಬಿತ್ತನೆ. ಅದಕ್ಕೆ ಬೇಕಾದುದು ಇನ್ನಷ್ಟು ಬೀಜ, ಇನ್ನಷ್ಟು ಹೊತ್ತು.

ಕೂಡುವ ವಿದ್ಯೆಯು ಬರುವ ದಾರಿಯೂ ನಿಧಾನದ್ದೇ. ಮೂರಕ್ಕೆ ಎಂಟನ್ನು ಕೂಡಲು ಹೇಳಿದರೆ ಮಗು ಮೊದಲು ಮೂರು ಬೀಜಗಳನ್ನು ಎಣಿಸಿಡುವುದು. ಬಳಿಕ ಎಂಟನ್ನು ಎಣಿಸಿಡುವುದು. ಆ ಮೇಲೆ ಎಲ್ಲವನ್ನೂ ಒಂದುಗೂಡಿಸಿ ಮತ್ತೆ ಒಂದರಿಂದ ಮೊದಲುಮಾಡುವುದು. ನೋಡುವವರಿಗೆ ಬೇಸರ. ಆದರೆ ಒಂದು ದಿನ ಅದೇ ಮಗು ಎಂಟನ್ನು ಬಾಯಲ್ಲಿ ಹಿಡಿದು, "ಒಂಬತ್ತು, ಹತ್ತು, ಹನ್ನೊಂದು" ಎಂದು ಮೂರೇ ಬೆರಳುಗಳಲ್ಲಿ ಮುಗಿಸುವುದು. ದೊಡ್ಡ ಸಂಖ್ಯೆಯನ್ನು ಮುಂದಿಟ್ಟುಕೊಳ್ಳುವ ಈ ಒಳದಾರಿಯನ್ನು ಹೇಳಿಕೊಡಲೇಬೇಕೆಂಬ ನಿಯಮವಿಲ್ಲ. ಗ್ರೋಯೆನ್ ಮತ್ತು ರೆಸ್ನಿಕ್ ಎಂಬ ವಿದ್ವಾಂಸರು ನಾಲ್ಕೂವರೆ ವರ್ಷದ ಕೆಲವು ಮಕ್ಕಳಿಗೆ ಆ ಮೊದಲಿನ ಉದ್ದದಾರಿಯನ್ನಷ್ಟೇ ಕಲಿಸಿ ಕೆಲವು ವಾರ ಅಭ್ಯಾಸ ಮಾಡಿಸಿದರು; ೧೯೭೭ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಸುಮಾರು ಅರ್ಧದಷ್ಟು ಮಕ್ಕಳು ಯಾರೂ ಹೇಳದೆಯೇ ಒಳದಾರಿಯನ್ನು ತಾವಾಗಿ ಕಂಡುಕೊಂಡರು. ಬೆರಳನ್ನು ಕಿತ್ತುಕೊಂಡಿದ್ದರೆ ಕಂಡುಕೊಳ್ಳಲು ಅವರ ಕೈಯಲ್ಲಿ ಏನಿರುತ್ತಿತ್ತು?

ಈ ಅಭ್ಯಾಸಕ್ಕೆ ಚೌಕಾಬಾರಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕುವುದು ಕಷ್ಟ. ಐದು ಸಾಲು, ಸಾಲಿಗೆ ಐದು ಮನೆ. ನಾಲ್ಕು ಕವಡೆಗಳಲ್ಲಿ ಎಷ್ಟು ಅಂಗಾತ ಬಿದ್ದರೆ ಅಷ್ಟು ನಡೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಹೊಸದಾಗಿ ಆಡುವ ಮಗು ತನ್ನ ಕಾಯಿ ನಿಂತ ಮನೆಯನ್ನೇ ಒಂದೆಂದು ಎಣಿಸಿಬಿಡುವುದು. ಅದೇ ಮಗು ಸ್ಲೇಟಿನ ಮುಂದೆ ಎಂಟಕ್ಕೆ ಮೂರನ್ನು ಕೂಡುವಾಗ "ಎಂಟು, ಒಂಬತ್ತು, ಹತ್ತು" ಎಂದು ಹತ್ತಕ್ಕೇ ನಿಲ್ಲುವುದು. ಎರಡೂ ಒಂದೇ ತಪ್ಪು. ಸ್ಲೇಟಿನ ಮುಂದೆ ಅದನ್ನು ವಿವರಿಸಿ ಹೇಳಿದಷ್ಟೂ ಗೋಜಲಾಗುವುದು, ಮಣೆಯ ಮುಂದಾದರೋ ಎದುರು ಕುಳಿತ ಅಣ್ಣನು, "ನಿಂತ ಮನೆ ಎಣಿಸಬೇಡವೇ!" ಎಂದು ಕೂಗಿಯೇ ಕೂಗುವನು. ಸೋಲಿನ ಭಯವಿರುವ ಎದುರಾಳಿಯಷ್ಟು ಜಾಗರೂಕನಾದ ಉಪಾಧ್ಯಾಯನಿಲ್ಲ. ಮಗುವೂ ಅವಮಾನಪಡುವುದಿಲ್ಲ, ಕಾಯನ್ನು ಒಂದು ಮನೆ ಮುಂದೆ ಸರಿಸಿ ಆಟವನ್ನು ಸಾಗಿಸುವುದು. ಹದಿನಾಲ್ಕು ಗುಳಿಗಳ ಅಳಗುಳಿಮಣೆಯೂ ಹೀಗೆಯೇ: ಗುಳಿಯಲ್ಲಿ ನಾಲ್ಕಿವೆಯೋ ಐದಿವೆಯೋ ಎಂಬುದನ್ನು ಮುಟ್ಟದೆ ನೋಡಿ ತಿಳಿಯುವ ಕಣ್ಣು ಅಲ್ಲಿ ಪಳಗುವುದು.

ಮನೆಯ ಕೆಲಸಗಳಲ್ಲಿ ಊಟಕ್ಕೆ ಎಲೆ ಹಾಕಿಸುವುದು ಉತ್ತಮ. ಮನೆಯವರು ಐವರು, ನೆಂಟರು ಮೂವರು; ಎಷ್ಟು ಎಲೆ? ಏಳೇ ಎಲೆ ಹಾಕಿದ್ದರೆ ಒಬ್ಬರು ನಿಂತೇ ಇರುವರು. ಕೆಂಪು ಗೆರೆಯ ಅಗತ್ಯವಿಲ್ಲ.

ಇನ್ನೊಂದು ಸಾಧನವು ಬಾಯಲ್ಲೇ ಇದ್ದರೂ ವಿದ್ಯಾವಂತರ ಮನೆಗಳಲ್ಲಿ ಅದು ಮರೆಯಾಗುತ್ತಿದೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಮಾತುಗಳಲ್ಲಿ ಹತ್ತರ ಸುಳಿವು ಮಗುವಿಗೆ ಕಾಣುವುದಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು, ಹದಿನೈದು ಎಂಬಲ್ಲಿ ಹತ್ತೂ ಅದರ ಮೇಲಿನದೂ ಕಿವಿಗೇ ಕೇಳಿಸುವುವು. ಮೂವತ್ತು, ಐವತ್ತು ಎಂಬಲ್ಲಿ ಮೂರು ಹತ್ತು, ಐದು ಹತ್ತು ಎಂಬುದು ಸ್ಪಷ್ಟ. ಒಂಬತ್ತಕ್ಕೆ ಆರನ್ನು ಕೂಡುವಾಗ, ಆರರಿಂದ ಒಂದನ್ನು ಒಂಬತ್ತಕ್ಕೆ ಕೊಟ್ಟು ಹತ್ತು ಮಾಡಿದರೆ ಉಳಿಯುವುದು ಐದು. ಹತ್ತೂ ಐದೂ ಸೇರಿ ಹದಿನೈದೆಂದು ಭಾಷೆಯೇ ಉತ್ತರವನ್ನು ಹೇಳಿಕೊಡುವುದು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದ ನಾಡಿನಲ್ಲಿ, ಮಗುವಿಗೆ ನಲವತ್ತೇಳು ಎಂದರೆ ಅರ್ಥವಾಗದೆ ತಾಯಿ ಇಂಗ್ಲಿಷಿಗೆ ತಿರುಗಿಸಿ ಹೇಳುವುದು ವಿಚಿತ್ರವಾಗಿ ಕಾಣುವುದು. ಶಾಲೆಯಲ್ಲಿ ಇಂಗ್ಲಿಷಿನ ಎಣಿಕೆ ನಡೆಯಲಿ. ಮನೆಯ ಜಗಲಿಯಲ್ಲಿ ಕನ್ನಡದ ಎಣಿಕೆಗೆ ಯಾರ ಅಡ್ಡಿಯೂ ಇಲ್ಲ.

ಬೆರಳುಗಳು ಒಂದೇ ದಿನದಲ್ಲಿ ಬಿಟ್ಟುಹೋಗುವುದಿಲ್ಲ. ಮೊದಲು ಜೋಡಿಯ ಲೆಕ್ಕಗಳು, ಎರಡೂ ಎರಡೂ, ನಾಲ್ಕೂ ನಾಲ್ಕೂ, ಎಣಿಕೆಯಿಲ್ಲದೆ ನಾಲಗೆಗೆ ಬರುವುವು. ಗ್ರೋಯೆನ್ ಮತ್ತು ಪಾರ್ಕ್‌ಮನ್ ಎಂಬವರು ಮೊದಲನೆಯ ತರಗತಿಯ ಮಕ್ಕಳ ಉತ್ತರದ ವೇಳೆಯನ್ನು ಅಳೆದು ೧೯೭೨ರಲ್ಲಿ ಕಂಡುದೂ ಇದನ್ನೇ: ಉಳಿದ ಲೆಕ್ಕಗಳಲ್ಲಿ ಚಿಕ್ಕ ಸಂಖ್ಯೆ ಹೆಚ್ಚಿದಂತೆ ವೇಳೆ ಹೆಚ್ಚುವುದು, ಜೋಡಿಯವುಗಳಲ್ಲಿ ಹೆಚ್ಚುವುದಿಲ್ಲ. ಮನೆಯಲ್ಲಿ ಜೋಡಿಗಳ ಬಳಿಕ ಹತ್ತಾಗುವ ಜೊತೆಗಳನ್ನು, ಏಳೂ ಮೂರೂ, ಆರೂ ನಾಲ್ಕೂ ಎಂದು, ಆಡಿಸಬಹುದು. ಏಳೂ ಎಂಟೂ ಬಹುಕಾಲ ಕಾಡುವುವು. ಅಲ್ಲಿ ಬೆರಳು ಮತ್ತೆ ಮೇಲೇಳುವುದು ಸಹಜ. ಅಂಥ ಹೊತ್ತಿನಲ್ಲಿ ತಂದೆಯು ಪತ್ರಿಕೆಯಿಂದ ತಲೆಯೆತ್ತದಿರುವುದೇ ಲೇಸು. ಉತ್ತರ ಬಂದ ಮೇಲೆ, ಅದು ಹೇಗೆ ಬಂತೆಂದು ಕೇಳಬೇಕು. ಸರಿಯುತ್ತರ ಬಂದಾಗಲೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ಆ ಪ್ರಶ್ನೆಯನ್ನು ಕೇಳಿದೊಡನೆಯೇ ಮಗು ಬರೆದುದನ್ನು ಅಂಗೈಯಿಂದ ಒರಸಿಬಿಡುವುದು.