ಉಳ್ಳಾಲದ ಮರಳಿನ ಲೆಕ್ಕ

ಮಂಗಳೂರಿನಿಂದ ತೆಂಕಕ್ಕೆ ನೇತ್ರಾವತಿಯ ಸೇತುವೆಯನ್ನು ದಾಟಿದರೆ ಉಳ್ಳಾಲ ದೂರವಲ್ಲ. ಪೋರ್ಚುಗೀಸರನ್ನೆದುರಿಸಿದ ರಾಣಿ ಅಬ್ಬಕ್ಕನ ಊರು ಅದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಮಳೆಗಾಲ ಕಳೆದು ಕಡಲು ಶಾಂತವಾದ ಒಂದು ಸಂಜೆ ನಾನು ಅಲ್ಲಿಗೆ ಹೋದುದು ಇತಿಹಾಸವನ್ನರಸಿಯಲ್ಲ; ಮರಳನ್ನು ನೋಡಲು.

ಮರಳಿನಲ್ಲಿ ನೋಡುವುದೇನಿದೆ ಎನ್ನಬೇಡಿ. ಈ ತೀರದ ಜನ ಅದನ್ನು ‘ಹೊಯ್ಗೆ’ ಎನ್ನುತ್ತಾರೆ. ಅದರ ಬರವು ಹೋಕುಗಳನ್ನು ಅಂಗಡಿಯ ಲೆಕ್ಕದಂತೆ ನೆನಪಿಟ್ಟಿರುತ್ತಾರೆ. ಮುಂಗಾರಿನ ಎತ್ತರದ ತೆರೆಗಳು ದಂಡೆಯನ್ನು ಕೆರೆದು ಮರಳನ್ನು ಕಡಲಿಗೆಳೆಯುತ್ತವೆ. ಅದು ಬಹುದೂರ ಹೋಗದೆ ನೀರಿನಡಿಯಲ್ಲಿ ದಿಣ್ಣೆಯಾಗಿ ನಿಲ್ಲುತ್ತದೆ. ದೊಡ್ಡ ತೆರೆಗಳು ಆ ದಿಣ್ಣೆಯ ಮೇಲೆಯೇ ಮುರಿದು ಬೀಳುವುದರಿಂದ ದಂಡೆಗೆ ಅದೇ ರಕ್ಷೆ. ಸೆಪ್ಟೆಂಬರಿನ ಬಳಿಕ ಸಣ್ಣ ಅಲೆಗಳು ಅದೇ ಮರಳನ್ನು ತಂದು ದಂಡೆಗೆ ಒಪ್ಪಿಸುತ್ತವೆ. ಕಡಲು, ಸಾಲ ತೀರಿಸುವ ಪ್ರಾಮಾಣಿಕ ಗೃಹಸ್ಥ!

ಈಗ ಈ ಲೆಕ್ಕ ತಪ್ಪುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿತು. ಒಂದು ಗೇಣೂ ಆಗಲಿಲ್ಲವಲ್ಲ ಎನಿಸಬಹುದು. ಆದರೆ ಮರಳ ದಂಡೆಯ ಇಳಿಜಾರು ಬಹು ಮಂದವಾದುದು. ಡೆನ್ಮಾರ್ಕಿನ ಎಂಜಿನಿಯರ್ ಪೆರ್ ಬ್ರೂನ್ 1962ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು: ನೀರು ಏರಿದಂತೆ ಕಡಲು ದಂಡೆಯ ಮೇಲ್ಭಾಗವನ್ನು ಕೊರೆದು, ಆ ಮರಳನ್ನು ಸಮೀಪದ ತಳದಲ್ಲಿ ಹಾಸಿ, ತಳವನ್ನೂ ತನ್ನೊಡನೆ ಏರಿಸಿಕೊಳ್ಳುತ್ತದೆ. ಮಟ್ಟ ಒಂದು ಅಡಿ ಏರಿದರೆ ತೀರ 50ರಿಂದ 100 ಅಡಿ ಹಿಂದೆ ಸರಿಯಬಹುದು. ಹೀಗೆ ತಳ ಸೇರಿದ ಮರಳು ದಂಡೆಗೆ ಮರಳುವುದಿಲ್ಲ.

ಎಲ್ಲ ತೀರಕ್ಕೂ ಈ ಸೂತ್ರ ಹಾಗೆಯೇ ಹೊಂದದು. ಉಳ್ಳಾಲದ ಕಡಲ್ಕೊರೆತಕ್ಕೆ ಏರುವ ನೀರೊಂದೇ ಕಾರಣವೂ ಅಲ್ಲ. ನದಿ ತರುವ ಮರಳು, ತೀರದುದ್ದಕ್ಕೂ ಸರಿಯುವ ಮರಳು, ಅಳಿವೆಯ ಬದಿಗಳಲ್ಲಿ ಮನುಷ್ಯ ಕಟ್ಟಿದ ಕಲ್ಲಿನ ತಡೆಗಳು ಇವೆಲ್ಲವೂ ಲೆಕ್ಕದಲ್ಲಿ ಸೇರುತ್ತವೆ.

ತೀರದಲ್ಲಿ ಬಂಡೆಗಳ ಗೋಡೆ. ಹರಿದ ಬಲೆಯನ್ನು ಸರಿಪಡಿಸುತ್ತಿದ್ದ ವೃದ್ಧರೊಬ್ಬರನ್ನು ಕೇಳಿದೆ: “ಅಜ್ಜಾ, ಈ ಕಲ್ಲು ಮನೆಯನ್ನು ಉಳಿಸಿತೇ?”

“ಮನೆ ಉಳಿಯಿತು. ಹೊಯ್ಗೆ ಉಳಿಯಲಿಲ್ಲ. ದೋಣಿ ಎಳೆದಿಡಲಿಕ್ಕೆ ಜಾಗ ಎಲ್ಲುಂಟು?”

ಹಿಂದೆ ಸರಿಯಲು ತಾವಿದ್ದರೆ ದಂಡೆ ಸಾಯುವುದಿಲ್ಲ. ಸ್ಥಳ ಬದಲಿಸುತ್ತದೆ, ಅಷ್ಟೆ. ಆದರೆ ಹಿಂದೆ ಮನೆಗಳಿವೆ, ತೆಂಗುಗಳಿವೆ. ಗೋಡೆಗೂ ತೆರೆಗೂ ನಡುವೆ ಸಿಕ್ಕ ದಂಡೆ ಸವೆಯುತ್ತದೆ. ಅಲ್ಲಿ ಬಾಳುವವರಿಗೆ ‘ನೀವೇ ಸರಿಯಿರಿ’ ಎನ್ನಲು ನನಗೆ ನಾಲಗೆ ಬರಲಿಲ್ಲ.

ಕತ್ತಲಾಗುತ್ತಿತ್ತು. ಅಜ್ಜ ಬಲೆಯನ್ನು ಸುತ್ತಿ, ಬಂಡೆಗಳ ಮೇಲೆ ಮೆಲ್ಲನೆ ಕಾಲಿಡುತ್ತ ಮನೆಯತ್ತ ನಡೆದರು. ಅವರ ಬಾಲ್ಯದಲ್ಲಿ ಆ ದಾರಿ ಹೊಯ್ಗೆಯದಾಗಿತ್ತಂತೆ.