ಅಂಟಿಕೊಂಡ ಬೆರಳು

ಹಲಸಿನಕಾಯಿ ಹೆಚ್ಚುವಾಗ ಈಳಿಗೆ ಮಣೆಗೆ ಕೈ ಜಾರಿ ಬಲಗೈ ತೋರುಬೆರಳು ಕುಯ್ದುಕೊಂಡ ದಿನ ನಾನು ಅತ್ತದ್ದು ನೋವಿಗಲ್ಲ. ಮಡಿಸಲು ಹೋದರೆ ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಬೆರಳು! "ನರ ತುಂಡಾಗಿದೆ" ಎಂದರು ಅತ್ತೆ. "ನರ ಅಲ್ಲಮ್ಮ, ಸ್ನಾಯುರಜ್ಜು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗ" ಎಂದು ಡಾಕ್ಟರು ತಿದ್ದಿದರು.

ಹಗ್ಗವನ್ನು ಹೊಲಿದದ್ದಾಯಿತು. ಇನ್ನು ವಾಸಿಯಾದ ಹಾಗೇ ಎಂದುಕೊಂಡೆ. ನೋಡಲು ಬಂದ ನಮ್ಮ ಶಾಲೆಯ ವಿಜ್ಞಾನದ ಮೇಡಂ ನಕ್ಕರು. "ಹೊಲಿಗೆ ಎರಡು ತುದಿ ಹಿಡಿದುಕೊಂಡಿರುತ್ತೆ, ಅಷ್ಟೆ. ಬೆಸೆಯೋರು ಬೇರೆ ಇದಾರೆ ಟೀಚರೇ."

ಬಿ.ಎ. ಓದಿದ ನನಗೆ ಅವರ ವಿವರಣೆ ಮದುವೆಮನೆಯ ಓಲೆಗಳ ಕತೆಯಂತೆ ಕೇಳಿಸಿತು. ಡೆಂಗಿ ಜ್ವರದಿಂದ ನಮಗೆಲ್ಲ ಪರಿಚಯವಾದ ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಿಸುವಾಗಲೇ ಬೆಳವಣಿಗೆ ಅಂಶಗಳೆಂಬ ಪ್ರೋಟೀನುಗಳನ್ನು ಬಿಡುತ್ತವೆ. ಅವೇ ಓಲೆಗಳು. ಒಂದು, ಕಸ ಬಳಿಯುವ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಇನ್ನೊಂದು ಹೊಸ ರಕ್ತನಾಳ ಚಿಗುರಿಸುತ್ತದೆ. ಮತ್ತೊಂದು ಕೊಲಾಜೆನ್ ಎಂಬ ನಾರು ಹೊಸೆಯಿರೆಂದು ಜೀವಕೋಶಗಳಿಗೆ ಹೇಳುತ್ತದೆ. ಮೊದಲ ದಿನಗಳಲ್ಲಿ ಊತ, ಆಮೇಲೆ ವಾರಗಟ್ಟಲೆ ನಾರಿನ ಕೆಲಸ. ಆರಂಭದ ನಾರು ಅಡ್ಡಾದಿಡ್ಡಿ, ಬಲವಿಲ್ಲದ್ದು. ಗಟ್ಟಿಯಾಗಲು ತಿಂಗಳುಗಳೇ ಬೇಕು.

ಇಂಥ ಅಂಶಗಳ ಶೋಧಕ್ಕೆ 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್ ಪಡೆದ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ, ಯುದ್ಧಕಾಲದಲ್ಲಿ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರಂತೆ. ಕೇಳಿ ಹೆಮ್ಮೆಯಾಯಿತು.

ಆದರೆ ಟಿಜಿಎಫ್-ಬೀಟಾ ಎಂಬ ಅಂಶಕ್ಕೆ ಎರಡು ಮುಖ. ನಾರು ಬೆಳೆಸುವುದೂ ಅದೇ. ಅತಿಯಾದರೆ ಗಾಯ ಕಲೆಗಟ್ಟಿ ರಜ್ಜು ಸುತ್ತಲಿನ ಪೊರೆಗೆ ಅಂಟಿಕೊಳ್ಳುವಂತೆ ಮಾಡುವುದೂ ಅದೇ. ಹಾಗೆ ಅಂಟಬಾರದೆಂದೇ ಡಾಕ್ಟರು ದಿನಕ್ಕೆ ಹಲವು ಸಲ, ಎಡಗೈಯಿಂದ ಆ ಬೆರಳನ್ನು ಮೆಲ್ಲಗೆ ಮಡಿಸಿ ಬಿಡಲು ಹೇಳಿದ್ದರು. ಭಾರ ಎತ್ತಕೂಡದು, ಸುಮ್ಮನೆ ಇಡಲೂ ಕೂಡದು.

ಹೊಲಿಗೆ ಬಿಟ್ಟೀತೆಂಬ ಹೆದರಿಕೆಗೆ ನಾನು ಮಡಿಸಲೇ ಇಲ್ಲ. ಕೇಳಿದಾಗಲೆಲ್ಲ "ಮಾಡ್ತಿದೀನಿ ಡಾಕ್ಟರೇ" ಎಂದೆ.

ಈಗ ಬೆರಳು ಮುಕ್ಕಾಲು ಪಾಲು ಮಡಿಸುತ್ತದೆ, ಅಷ್ಟೇ. ತಪ್ಪು ಯಾರದೂ ಅಲ್ಲ, ನನ್ನದೇ. ಹೋಂವರ್ಕ್ ಮಾಡದೆ, ಮಾಡಿದೆನೆಂದು ಸುಳ್ಳು ಹೇಳುವ ಹುಡುಗನನ್ನು ಗದರಲು ಆ ಬೆರಳೆತ್ತಿದಾಗಲೆಲ್ಲ ನನ್ನ ದನಿ ತಾನಾಗಿ ತಗ್ಗುತ್ತದೆ.