ಮನೆಯ ಜೀರ್ಣೋದ್ಧಾರ

ಹೊಸ ಮನೆಯನ್ನು ಕಟ್ಟುವವನಿಗೆ ಹಣ ಬೇಕು. ಹಳೆಯ ಮನೆಯನ್ನು ಉಳಿಸಿಕೊಳ್ಳುವವನಿಗೆ ಹಣದೊಡನೆ ತಾಳ್ಮೆಯೂ ಬೇಕು. ಈ ಮಾತಿನ ಅರ್ಥ ನನಗೆ ತಿಳಿದುದು 2014ರಲ್ಲಿ ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ. ಧಾರವಾಡದ ಹಳೆಯ ಓಣಿಯೊಂದರಲ್ಲಿ ನಮ್ಮ ಅಜ್ಜನವರು ಕಟ್ಟಿಸಿದ ಮನೆಯಿತ್ತು. ಕಲ್ಲಿನ ಅಡಿಪಾಯ, ಮಣ್ಣಿನ ದಪ್ಪ ಗೋಡೆ, ಸಾಗವಾನಿಯ ಕಂಬ, ಮಂಗಳೂರು ಹಂಚಿನ ಛಾವಣಿ. ತಂದೆಯವರ ತರುವಾಯ ಅದು ನಮ್ಮಿಬ್ಬರು ಸಹೋದರರಿಗೂ ತಂಗಿಗೂ ಸೇರಿತು. ಕೆಡವಿ ಜಾಗವನ್ನು ಮಾರಿಬಿಡೋಣವೆಂದು ತಮ್ಮ ಹೇಳಿದನು. ಅವನ ಲೆಕ್ಕ ತಪ್ಪಾಗಿರಲಿಲ್ಲ; ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ. ಅವರಿಬ್ಬರ ಪಾಲಿನ ಬೆಲೆಯನ್ನು ಕೊಟ್ಟು ಮನೆಯನ್ನು ನಾನೇ ಇಟ್ಟುಕೊಳ್ಳುವೆನೆಂದೆ.

ಆಗ ಆಪ್ತರೊಬ್ಬರು, "ತಂಗಿಗೆ ಸೀರೆ ಕುಪ್ಪಸ ಕೊಟ್ಟರೆ ಸಾಲದೆ?" ಎಂದರು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಕಾನೂನು ಹೇಳದಿದ್ದರೂ ನ್ಯಾಯ ಅದೇ ಅಲ್ಲವೆ? ನಿವೃತ್ತಿಯ ಹಣದ ಬಹುಭಾಗ ಇಬ್ಬರ ಸಮಪಾಲಿಗೆ ಹೋಯಿತು. ಹಕ್ಕುಬಿಡುಗಡೆ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಋಣಭಾರ ಪತ್ರವನ್ನು ಪಡೆದ ಮೇಲೆಯೇ ಗೌಂಡಿಯನ್ನು ಕರೆದೆ. ಇದೊಂದು ವಿಷಯದಲ್ಲಿ ನಾನು ವಿವೇಕದಿಂದ ನಡೆದುಕೊಂಡೆ.

ಮುಂದಿನದು ನನ್ನ ಅವಿವೇಕದ ಕಥೆ. ಬೀದಿಗೆ ಕಾಣುವ ಮುಂಗೋಡೆ ಅಂದವಾಗಬೇಕೆಂಬ ಆತುರದಿಂದ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ ಹೊಳೆಯುವ ಬಣ್ಣ ಬಳಿಸಿದೆ. ಒಡೆದ ಹಂಚುಗಳನ್ನು ಮುಂದಿನ ವರ್ಷ ನೋಡಿದರಾಯಿತೆಂದು ಬಿಟ್ಟೆ. ಕಂಡವರು ಹೊಗಳಿದರು, ನಾನು ಹಿಗ್ಗಿದೆ. ಎರಡನೆಯ ಮಳೆಗಾಲದಲ್ಲಿ ಗಿಲಾವು ಉಬ್ಬಿ, ಬಿರಿದು, ಹಲಗೆಯಂತೆ ಕಳಚಿ ಬಿದ್ದಿತು. ಪಡಸಾಲೆಯ ತೊಲೆಯ ತುದಿ ಗೋಡೆಯೊಳಗೇ ಕೊಳೆತಿತ್ತು.

ವೃದ್ಧ ಗೌಂಡಿಯೊಬ್ಬರು ಬಂದು ನೋಡಿ, "ಗ್ವಾಡೀಗೆ ಉಸುರು ಕಟ್ಟಿಸೀರಿ, ಮಾಸ್ತರ" ಎಂದರು. ಮಣ್ಣಿನ ಗೋಡೆಯು ನೆಲದ ಮತ್ತು ಮಳೆಯ ತೇವವನ್ನು ಹೀರಿ ಬಿಸಿಲಿಗೆ ಮರಳಿ ಹೊರಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಎಡೆಗೊಡುತ್ತದೆ. ಬಿಗಿಯಾದ ಸಿಮೆಂಟು ಎಡೆಗೊಡದು. ತೇವವು ಒಳಗೇ ಸೆರೆಯಾಗಿ ಗೋಡೆಯನ್ನೂ ಮರವನ್ನೂ ತಿನ್ನುತ್ತದೆ.

ಹಿಂದುಮುಂದಾಗಿದ್ದ ಕೆಲಸದ ಕ್ರಮವನ್ನು ಅವರ ಮಾತಿನಂತೆ ಸರಿಪಡಿಸಿಕೊಂಡೆವು. ಮೊದಲು ಛಾವಣಿ, ಬಳಿಕ ಮಳೆನೀರು ಅಡಿಪಾಯದಿಂದ ದೂರ ಹರಿಯುವ ಗಟಾರ, ಅನಂತರ ತೊಲೆ, ಗೆದ್ದಲಿನ ನಿವಾರಣೆ, ವಿದ್ಯುತ್ ತಂತಿ, ಕಟ್ಟಕಡೆಗೆ ಗಿಲಾವು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಯಿಟ್ಟು, ತೆಳುವಾದ ಪದರಗಳಲ್ಲಿ ಬಳಿದು, ಒಂದು ಗಟ್ಟಿಯಾಗುವವರೆಗೆ ಇನ್ನೊಂದಕ್ಕೆ ಕಾಯಬೇಕಾಯಿತು. ಮೊದಲ ಸಲದ ಎರಡರಷ್ಟು ಖರ್ಚಾಯಿತು.

ಈಗ ಹಿತ್ತಿಲ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಯವರಿದ್ದಾರೆ. ಆದಾಯ ತೆರಿಗೆಯ ಲೆಕ್ಕದಲ್ಲಿ, ಪಾಲಿಕೆಗೆ ಕಟ್ಟಿದ ತೆರಿಗೆಯನ್ನು ಕಳೆದುಳಿದ ಬಾಡಿಗೆಯ ಮೇಲೆ ಶೇಕಡಾ 30ರಷ್ಟು ರಿಯಾಯಿತಿ ದೊರೆಯುತ್ತದೆ. ಆದರೂ ಹೂಡಿದ ಹಣಕ್ಕೆ ಬರುವ ಫಲವು ಬ್ಯಾಂಕಿನ ಠೇವಣಿಯ ಬಡ್ಡಿಗೆ ಸಮನಲ್ಲ. ಇದನ್ನು ಮರೆಮಾಚಿ ಹಳೆಯ ಮನೆ ಲಾಭದಾಯಕವೆಂದು ಹೊಗಳಲಾರೆ. ಲಾಭವೊಂದನ್ನೇ ಬಯಸುವವರು ನನ್ನ ತಮ್ಮನ ಮಾತನ್ನು ಕೇಳುವುದೇ ಲೇಸು. ಉಳಿಸಿಕೊಳ್ಳಲು ನಿಶ್ಚಯಿಸಿದವರಲ್ಲಿ ನನ್ನದೊಂದು ವಿನಂತಿ. ತಮ್ಮ ಮೊದಲ ರೂಪಾಯಿ ನೋಡುವವರ ಕಣ್ಣಿಗೆ ಬೀಳದ ಕಡೆಗೆ ಹೋಗಲಿ. ಒಡಹುಟ್ಟಿದವರ ಹಕ್ಕಿಗೆ, ಛಾವಣಿಗೆ, ನೀರಿನ ದಾರಿಗೆ.

ಕಳೆದ ನಾಗರಪಂಚಮಿಗೆ ತಂಗಿ ತವರಿಗೆ ಬಂದಿದ್ದಳು. ಹೊಸದಾಗಿ ಕೂಡಿಸಿದ ತೊಲೆಗೆ ಜೋಕಾಲಿ ಕಟ್ಟಿದ್ದೆವು. ಹೊರಗೆ ಶ್ರಾವಣದ ಮಳೆ ಸುರಿಯುತ್ತಿತ್ತು. ಒಳಗೆ ಒಂದು ಹನಿಯೂ ಇಳಿಯಲಿಲ್ಲ.